ಬೆನ್ನು ಮಾತ್ರ ಕಾಣುವ ಫೋಟೋಗಳು

ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ಗುರು ತೀರಿಕೊಂಡರು. ಅಮೆರಿಕದ ಮಧ್ಯಭಾಗದ ಒಂದು ಸಣ್ಣ ಕಾಲೇಜಿನಲ್ಲಿ ಅವರು 38 ವರ್ಷ ಅಥ್ಲೆಟಿಕ್ ಟ್ರೇನರ್ ಆಗಿದ್ದವರು. ಅವರ ಕೈಕೆಳಗೆ ಕೆಲಸ ಕಲಿತ ನಾನು ಈಗ ಅದೇ ಕೋಣೆಯಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಏಪ್ರಿಲ್‌ನಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದರು. "ಅವರದ್ದು, ಅವರಿಗಿಂತ ಮುಂಚೆ ಇದ್ದ ಡಾಕ್‌ದು, ಇಬ್ಬರದ್ದೂ ನೆನಪಿಗೆ ಟ್ರೇನಿಂಗ್ ರೂಮಿನಲ್ಲಿ ಒಂದು ಫಲಕ ಹಾಕೋಣ. ಅಕ್ಟೋಬರ್‌ನಲ್ಲಿ ಹಳೆಯ ವಿದ್ಯಾರ್ಥಿಗಳು ಬರ್ತಾರಲ್ಲ, ಆಗ. ನೀವೇ ಸಿದ್ಧ ಮಾಡಿ" ಅಂದರು. ಎರಡು ಫೋಟೋ, ನಾಲ್ಕು ಸಾಲು. ಅದಕ್ಕೆ ಆರು ತಿಂಗಳು ಹಿಡಿಯಿತು.

ಅಥ್ಲೆಟಿಕ್ ಟ್ರೇನರ್ ಅಂದರೆ ಜಿಮ್‌ನಲ್ಲಿ ತೂಕ ಎತ್ತಿಸುವವರು ಅಂತ ಜಾಸ್ತಿ ಜನ ತಿಳಿದುಕೊಳ್ಳುತ್ತಾರೆ. ಕೋಚ್ ಅಂದುಕೊಳ್ಳುವವರೂ ಇದ್ದಾರೆ. ಎರಡೂ ಅಲ್ಲ. ಗಾಯ ಆಗದಂತೆ ನೋಡಿಕೊಳ್ಳುವುದು, ಆದಾಗ ಮೈದಾನಕ್ಕೆ ಮೊದಲು ಓಡುವುದು, ಪ್ರಾಣಕ್ಕೆ ಕುತ್ತು ಬಂದರೆ ಆಂಬುಲೆನ್ಸ್ ಬರುವ ತನಕ ಜೀವ ಹಿಡಿದಿಡುವುದು, ಆಪರೇಷನ್ ಆದವರನ್ನು ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿ ಮತ್ತೆ ಆಟಕ್ಕೆ ಇಳಿಸುವುದು, ಇವು ಅವರ ಕೆಲಸ. ಇದಕ್ಕೆ ಪ್ರತ್ಯೇಕ ಓದು ಇದೆ, ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಈಗಂತೂ ಸ್ನಾತಕೋತ್ತರ ಪದವಿ ಬೇಕು. ಇವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1950ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಇದೂ ಆರೋಗ್ಯ ಸೇವೆಯ ಒಂದು ವೃತ್ತಿ ಅಂತ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಒಪ್ಪಿಕೊಂಡದ್ದು 1990ರಲ್ಲಿ. ಡಾಕ್ ನಮ್ಮ ಕಾಲೇಜಿಗೆ ಬಂದದ್ದು 1956ರಲ್ಲಿ, ನಿವೃತ್ತರಾದದ್ದು 1988ರಲ್ಲಿ. ಲೆಕ್ಕ ಹಾಕಿ ನೋಡಿ. ಅವರು 32 ವರ್ಷ ಮಾಡಿದ ಕೆಲಸಕ್ಕೆ ಅಧಿಕೃತವಾಗಿ ಒಂದು ಗುರುತು ಸಿಗುವ ಹೊತ್ತಿಗೆ ಅವರು ಮನೆಯಲ್ಲಿದ್ದರು.

ಡಾಕ್ ಡಾಕ್ಟರ್ ಆಗಿರಲಿಲ್ಲ. ಟ್ರೇನರನ್ನು ಹುಡುಗರು ಹಾಗೆ ಕರೆಯುವುದು ರೂಢಿ. "ನಾನು ಡಾಕ್ಟರ್ ಅಲ್ಲಪ್ಪಾ" ಅಂತ ಪ್ರತಿ ವರ್ಷ ಹೊಸಬರಿಗೆ ಹೇಳುತ್ತಿದ್ದರಂತೆ. ಯಾರೂ ಕೇಳುತ್ತಿರಲಿಲ್ಲ.

ಮೊದಲು ಕಾಲೇಜಿನ ದಾಖಲೆ ಕೋಣೆಗೆ ಹೋದೆ. ಕೋಚ್‌ಗಳ ಫೈಲ್‌ಗಳು ದಪ್ಪಗಿದ್ದವು. ಯಾವ ವರ್ಷ ಎಷ್ಟು ಗೆಲುವು, ಎಷ್ಟು ಸೋಲು, ಪತ್ರಿಕೆಯಲ್ಲಿ ಬಂದ ಸಂದರ್ಶನ, ಎಲ್ಲ ಜೋಡಿಸಿಟ್ಟಿದ್ದರು. ಡಾಕ್ ಫೈಲಿನಲ್ಲಿ ಮೂರೇ ಹಾಳೆ. ನೇಮಕದ ಪತ್ರ, ನಿವೃತ್ತಿಯ ಪತ್ರ, ಮತ್ತೆ 1971ರಲ್ಲಿ ಅವರೇ ಕೈಯಿಂದ ಬರೆದ ಒಂದು ಅರ್ಜಿ. ಐಸ್ ಮಾಡುವ ಮೆಷಿನ್ ಕೊಡಿಸಿ, ಊಟದ ಹಾಲಿನಿಂದ ಬಕೆಟ್‌ನಲ್ಲಿ ಐಸ್ ಹೊತ್ತು ತರುವ ಹೊತ್ತಿಗೆ ಅರ್ಧ ಕರಗಿರುತ್ತದೆ ಅಂತ ಬರೆದಿದ್ದರು. ಅದಕ್ಕೆ ಕೊಟ್ಟ ಉತ್ತರ ಫೈಲಿನಲ್ಲಿ ಇರಲಿಲ್ಲ.

ನನ್ನ ಗುರುಗಳ ಫೈಲ್ ಸ್ವಲ್ಪ ಪರವಾಗಿಲ್ಲ. ಅವರು ಸೇರಿದ್ದು 1978ರಲ್ಲಿ, ಹೆಣ್ಣುಮಕ್ಕಳ ತಂಡಗಳಿಗೆ ಅಂತ. ಅದಕ್ಕೆ ಆರು ವರ್ಷ ಮುಂಚೆ, 1972ರಲ್ಲಿ, ಟೈಟಲ್ 9 ಅನ್ನುವ ಕಾನೂನು ಬಂದಿತ್ತು. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಗಂಡು ಹೆಣ್ಣು ಅಂತ ಭೇದ ಮಾಡುವಂತಿಲ್ಲ ಅನ್ನುವ ಕಾನೂನು. ಅದರಿಂದಾಗಿ ಹೆಣ್ಣುಮಕ್ಕಳ ತಂಡಗಳು ಒಂದಾದ ಮೇಲೊಂದು ಶುರುವಾದವು. ತಂಡ ಬಂತು ಅಂದ ಮೇಲೆ ಗಾಯವೂ ಬಂತು, ನೋಡಿಕೊಳ್ಳೋರು ಯಾರು? ಹಾಗೆ ಅವರನ್ನು ತೆಗೆದುಕೊಂಡರು. ಸಾಮಾನು ತುಂಬುವ ಒಂದು ಕೋಣೆ ಖಾಲಿ ಮಾಡಿ ಕೊಟ್ಟಿದ್ದರು. ಕಿಟಕಿ ಇರಲಿಲ್ಲ. ನೀರಿನ ನಲ್ಲಿಗೆ ಪಡಸಾಲೆಯ ಆ ತುದಿಗೆ ಹೋಗಬೇಕಿತ್ತು. ಡಾಕ್ ಒಂದು ವರ್ಷ ನೋಡಿದರು. ಆಮೇಲೆ ಯಾರನ್ನೂ ಕೇಳದೆ ಗಂಡುಮಕ್ಕಳ ಟ್ರೇನಿಂಗ್ ರೂಮಿನಲ್ಲಿ ಎರಡು ಟೇಬಲ್ ಸರಿಸಿ ಜಾಗ ಮಾಡಿ, "ನಾಳೆಯಿಂದ ಇಲ್ಲೇ ಬಾ" ಅಂದರಂತೆ. ಇದು ಯಾವ ಫೈಲಿನಲ್ಲೂ ಇಲ್ಲ. ಅವರೇ ನನಗೆ ಹೇಳಿದ್ದು.

ಫೋಟೋ ಹುಡುಕುವುದು ಸುಲಭ ಅಂದುಕೊಂಡಿದ್ದೆ. ಕಾಲೇಜಿನಲ್ಲಿ 60 ವರ್ಷದ ಆಟದ ಫೋಟೋಗಳು ಡಬ್ಬಗಟ್ಟಲೆ ಇವೆ. ಮೂರು ವಾರ ಸಂಜೆ ಕೂತು ನೋಡಿದೆ. ತಂಡದ ಫೋಟೋಗಳಲ್ಲಿ ಡಾಕ್ ಯಾವಾಗಲೂ ಕಟ್ಟಕಡೆಯಲ್ಲಿ ನಿಂತಿರುತ್ತಾರೆ. ವಾರ್ಷಿಕ ಸಂಚಿಕೆಗೆ ಕತ್ತರಿಸುವಾಗ ಅರ್ಧ ಮುಖ ಹೋಗಿರುತ್ತದೆ, ಬರೀ ಭುಜ ಉಳಿದಿರುತ್ತದೆ. ಆಟದ ನಡುವಿನ ಫೋಟೋಗಳಲ್ಲಿ ಇಬ್ಬರೂ ಬೇಕಾದಷ್ಟು ಸಲ ಸಿಕ್ಕಿದರು. ಆದರೆ ಎಲ್ಲದರಲ್ಲೂ ಬೆನ್ನು ಮಾತ್ರ. ನೆಲದ ಮೇಲೆ ಒಬ್ಬ ಹುಡುಗ ಬಿದ್ದಿದ್ದಾನೆ, ಅವನ ಪಕ್ಕ ಮಂಡಿ ಊರಿ ಬಗ್ಗಿದ್ದಾರೆ, ಹಿಂದಿನ ಜೇಬಿನಲ್ಲಿ ಕತ್ತರಿ, ಸೊಂಟಕ್ಕೆ ಸಿಕ್ಕಿಸಿದ ಟೇಪಿನ ಉರುಳೆ. ನನ್ನ ಗುರುಗಳ ಪ್ಯಾಂಟಿನ ಎರಡು ಮಂಡಿಯ ಮೇಲೂ ಮಣ್ಣಿನ ಗುರುತು. ಮುಖ ಕಾಣುವ ಒಂದು ಫೋಟೋ ಕೂಡ ಸಿಗಲಿಲ್ಲ. ಕ್ಯಾಮೆರಾ ಇರುವುದು ಆಟದ ಕಡೆ, ಅವರು ತಿರುಗಿರುವುದು ಗಾಯದ ಕಡೆ. ಇನ್ನು ಮುಖ ಹೇಗೆ ಸಿಗಬೇಕು, ಅಲ್ವಾ?

ಆಮೇಲೆ ಫೋನ್ ಮಾಡಲು ಶುರು ಮಾಡಿದೆ. ಹಳೆಯ ಆಟಗಾರರ ಪಟ್ಟಿ ಕಾಲೇಜಿನಲ್ಲಿತ್ತು. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು, ಇಂಥ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೆ ಉಪಯೋಗ ಆದೀತು. "ಡಾಕ್ ಬಗ್ಗೆ ಏನು ನೆನಪಿದೆ?" ಅಂತ ಕೇಳುತ್ತಿದ್ದೆ. ಎಲ್ಲರದ್ದೂ ಒಂದೇ ಉತ್ತರ: ಬಹಳ ಒಳ್ಳೆಯವರು, ಬಹಳ ಕಷ್ಟಪಟ್ಟರು. ಅದು ಸುಳ್ಳಲ್ಲ. ಆದರೆ ಅದರಲ್ಲಿ ಡಾಕ್ ಇರಲಿಲ್ಲ. ಹತ್ತನೆಯದೋ ಹನ್ನೊಂದನೆಯದೋ ಫೋನಿನಲ್ಲಿ, 70 ದಾಟಿದ ಒಬ್ಬರಿಗೆ ಬಾಯಿತಪ್ಪಿ "ನಿಮಗೆ ಯಾವ ಕಾಲು ಉಳುಕಿತ್ತು?" ಅಂತ ಕೇಳಿಬಿಟ್ಟೆ. ಅಷ್ಟೇ. ಮುಕ್ಕಾಲು ಗಂಟೆ ಮಾತಾಡಿದರು. ಎಡಗಾಲು, ಎರಡನೇ ವರ್ಷ, ಮಳೆ ಬಂದ ಮಾರನೇ ದಿನ. ಟೇಬಲ್ಲಿನ ಅಂಚು ತೊಡೆಗೆ ಒತ್ತುತ್ತಿದ್ದದ್ದು. ಡಾಕ್ ಬೆರಳುಗಳಿಗೆ ಬರುತ್ತಿದ್ದ ಮುಲಾಮಿನ ವಾಸನೆ. ಆ ವಾರ ಅವರ ತಂದೆ ಆಸ್ಪತ್ರೆಯಲ್ಲಿದ್ದರು, ಆ ವಿಷಯ ಅವರು ಹೇಳಿದ್ದು ಡಾಕ್‌ಗೆ ಮಾತ್ರ. ಅವತ್ತಿಂದ ಎಲ್ಲರಿಗೂ ಅದೇ ಪ್ರಶ್ನೆ ಕೇಳಿದೆ. ಯಾವ ಕಾಲು? ಯಾವ ಭುಜ? ಎಷ್ಟು ವಾರ?

ಕಾಲು ಉಳುಕದಂತೆ ಟೇಪ್ ಹಾಕುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನರ ನೆನಪೆಲ್ಲ ಅಲ್ಲೇ ಇತ್ತು. ಆಟಗಾರ ಟೇಬಲ್ ಮೇಲೆ ಕಾಲು ಚಾಚಿ ಕೂರಬೇಕು, ಪಾದ ಅಂಚಿನಿಂದ ಆಚೆ ಬರಬೇಕು. ಪಾದ ಕಾಲಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನೆಟ್ಟಗೆ ನಿಂತಿರಬೇಕು. ಮುಂದಕ್ಕೆ ಇಳಿಬಿಟ್ಟರೆ ಟೇಪ್ ಹಾಕಿಯೂ ಪ್ರಯೋಜನ ಇಲ್ಲ, ಎದ್ದು ನಿಂತ ಕೂಡಲೇ ಸಡಿಲವಾಗುತ್ತದೆ. ಮೊದಲು ಅಂಟಿನ ಸ್ಪ್ರೇ. ಹಿಮ್ಮಡಿಯ ಹಿಂದೆ, ಮತ್ತೆ ಶೂ ಲೇಸ್ ಒತ್ತುವ ಜಾಗದಲ್ಲಿ, ಮುಲಾಮು ಸವರಿದ ಸಣ್ಣ ಪ್ಯಾಡ್. ಮೇಲೆ ತೆಳು ಫೋಮಿನ ಒಂದು ಸುತ್ತು. ಆಮೇಲೆ ಒಂದೂವರೆ ಇಂಚಿನ ಬಿಳಿ ಟೇಪ್. ಕಣಕಾಲಿಗೆ ಎರಡು ಸುತ್ತು. ಒಳಗಡೆಯಿಂದ ಹಿಮ್ಮಡಿಯ ಅಡಿಗೆ ಬಂದು ಹೊರಗಡೆ ಮೇಲಕ್ಕೆ ಎಳೆಯುವ ಮೂರು ಪಟ್ಟಿ. ಸಾಮಾನ್ಯವಾಗಿ ಉಳುಕುವಾಗ ಪಾದ ಒಳಕ್ಕೆ ಮಗುಚುತ್ತದೆ. ಅದನ್ನು ಹೊರಕ್ಕೆ ಹಿಡಿದಿಡುವುದೇ ಈ ಮೂರು ಪಟ್ಟಿಯ ಕೆಲಸ. ನಂತರ ಎಂಟರ ಆಕಾರದಲ್ಲಿ ಒಂದು ಸುತ್ತು, ಎರಡು ಕಡೆಯಿಂದ ಹಿಮ್ಮಡಿಗೆ ಬೀಗ, ಮೇಲಿಂದ ಕೆಳಗಿನ ತನಕ ಮುಚ್ಚುವುದು. ಎಲ್ಲೂ ಒಂದು ಸುಕ್ಕು ಇರಬಾರದು. ಸುಕ್ಕು ಇದ್ದರೆ ಅಲ್ಲಿ ಬೊಬ್ಬೆ ಏಳುತ್ತದೆ.

ಕೈ ಪಳಗಿದವರಿಗೆ ಇದೆಲ್ಲ ಎರಡು ನಿಮಿಷ. ನಾನು ವಿದ್ಯಾರ್ಥಿಯಾಗಿ ಸೇರಿದ್ದು 2004ರಲ್ಲಿ. ಆಗ ಡಾಕ್‌ಗೆ 80ರ ಹತ್ತಿರ. ಬುಧವಾರ ಬುಧವಾರ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಟೇಪನ್ನು ಜಗ್ಗಿ ಜಗ್ಗಿ ಸುತ್ತುವುದನ್ನು ನೋಡಿ ಒಂದು ದಿನ ಎದ್ದು ಬಂದರು. ನನ್ನ ಕೈ ಮೇಲೆ ಕೈ ಇಟ್ಟು, "ಎಳೀಬೇಡ. ಕಾಲು ಯಾವ ಕಡೆ ತಿರುಗಿದೆಯೋ ಟೇಪ್ ಆ ಕಡೆ ತಾನಾಗೇ ಹೋಗುತ್ತೆ. ನೀನು ಜೊತೆಗೆ ಹೋಗು, ಸಾಕು" ಅಂದರು. ಅವರ ಹೆಬ್ಬೆರಳಿನ ಪಕ್ಕದ ಚರ್ಮ ಒರಟಾಗಿ ಗಟ್ಟಿಯಾಗಿತ್ತು. 32 ವರ್ಷ ಟೇಪ್ ಹರಿದ ಜಾಗ ಅದು.

ಈಗ ಪಟ್ಟಿ ಕಟ್ಟುವ ಬ್ರೇಸ್‌ಗಳು ಬಂದಿವೆ. ಟೇಪ್ ಅರ್ಧ ಗಂಟೆ ಆಡುವ ಹೊತ್ತಿಗೆ ಸಡಿಲವಾಗುತ್ತದೆ, ಬ್ರೇಸ್ ಆದರೆ ಮತ್ತೆ ಬಿಗಿ ಮಾಡಿಕೊಳ್ಳಬಹುದು, ಖರ್ಚೂ ಕಡಿಮೆ. ನಾನೂ ಬಹಳ ಮಕ್ಕಳಿಗೆ ಬ್ರೇಸ್ ಕೊಡುತ್ತೇನೆ. ಆದರೆ ಟೇಪಿನಲ್ಲಿ ಆ ಎರಡು ನಿಮಿಷ ಇತ್ತಲ್ಲ, ದಿನಾ ಒಬ್ಬ ದೊಡ್ಡವರ ಎದುರು ಸುಮ್ನೆ ಕೂರುವ ಎರಡು ನಿಮಿಷ, ಅದು ಬ್ರೇಸಿನಲ್ಲಿ ಇಲ್ಲ. ಅದಕ್ಕೇ ಈಗಲೂ ಯಾರಾದರೂ ಟೇಪ್ ಹಾಕಿ ಅಂತ ಕೇಳಿದರೆ ಇಲ್ಲ ಅನ್ನುವುದಿಲ್ಲ.

ಆ ಎರಡು ನಿಮಿಷದಲ್ಲಿ ನನ್ನ ಗುರು ಏನೇನು ಹಿಡಿಯುತ್ತಿದ್ದರು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ದೂರದ ಓಟದ ಒಬ್ಬ ಹುಡುಗಿ, ಈಗ ಅವರಿಗೆ ಇಬ್ಬರು ಮಕ್ಕಳು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಒಂದೇ ಸೀಸನ್‌ನಲ್ಲಿ ಮೂರು ಸಲ ಮೊಣಕಾಲ ಕೆಳಗಿನ ಮೂಳೆ ನೋವು ಅಂತ ಬಂದಿದ್ದರು. ಮೊದಲ ಎರಡು ಸಲ ಐಸ್, ವಿಶ್ರಾಂತಿ. ಮೂರನೇ ಸಲ ಗುರುಗಳು ಕಾಲಿನ ವಿಷಯವನ್ನೇ ಎತ್ತಲಿಲ್ಲ. ಬಾಗಿಲು ಹಾಕಿ ಬಂದು, "ಮುಟ್ಟು ನಿಂತು ಎಷ್ಟು ತಿಂಗಳಾಯ್ತು?" ಅಂತ ಕೇಳಿದರು. ಏಳು ತಿಂಗಳು. ಊಟ ಬಿಟ್ಟು ಬಿಟ್ಟು ಓಡುತ್ತಿದ್ದಳು ಹುಡುಗಿ. ಊಟ ಸಾಲದೆ ಹೋಗುವುದು, ಮುಟ್ಟು ನಿಲ್ಲುವುದು, ಮೂಳೆ ಸವೆಯುವುದು, ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ ಅಂತ ವೈದ್ಯರು 1990ರ ದಶಕದಲ್ಲಿ ಸ್ಪಷ್ಟವಾಗಿ ಹೇಳತೊಡಗಿದರು. ಇದು ಹುಡುಗರಿಗೂ ಆಗುತ್ತದೆ ಅಂತ ಒಲಿಂಪಿಕ್ ಸಮಿತಿಯ ತಜ್ಞರು ಹೇಳಿದ್ದು 2014ರಲ್ಲಿ. ಆ ಹುಡುಗಿಯನ್ನು ಅವತ್ತು ಓಟದಿಂದ ನಿಲ್ಲಿಸಿದರು. "ಆಗ ಅವರನ್ನು ದ್ವೇಷಿಸಿದೆ. ಎರಡು ವರ್ಷ ಮಾತು ಬಿಟ್ಟೆ. ಅವರು ಮಾತ್ರ ಪ್ರತಿ ಸೋಮವಾರ ನನ್ನ ಹತ್ತಿರ ಬಂದು, ಊಟ ಆಯ್ತಾ ಅಂತ ಕೇಳೋದು ಬಿಡಲಿಲ್ಲ" ಅಂದರು ಫೋನಿನಲ್ಲಿ.

ನಿಲ್ಲಿಸುವುದು. ಈ ಕೆಲಸದ ಕಷ್ಟ ಇರುವುದೇ ಅಲ್ಲಿ. ಆಡು ಅನ್ನುವವರು ಬೇಕಾದಷ್ಟು ಜನ ಇರುತ್ತಾರೆ. ಕೋಚ್, ಅಪ್ಪ ಅಮ್ಮ, ಜೊತೆಗಾರರು, ಎಲ್ಲಕ್ಕಿಂತ ಜಾಸ್ತಿ ಆ ಆಟಗಾರನೇ. ಇವತ್ತು ಬೇಡ ಅನ್ನುವವರು ಒಬ್ಬರೇ. 2006ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಝ್ಯಾಕರಿ ಲಿಸ್ಟೆಡ್ ಅನ್ನುವ 13 ವರ್ಷದ ಹುಡುಗನಿಗೆ ಆಟದಲ್ಲಿ ತಲೆಗೆ ಪೆಟ್ಟಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆಡಿದ. ಮೆದುಳಿನಲ್ಲಿ ರಕ್ತಸ್ರಾವವಾಗಿ ಜೀವನಪೂರ್ತಿ ಉಳಿಯುವ ತೊಂದರೆಗಳಾದವು. ಅವನ ಹೆಸರಿನ ಕಾನೂನು ಆ ರಾಜ್ಯದಲ್ಲಿ 2009ರಲ್ಲಿ ಬಂತು: ತಲೆಗೆ ಪೆಟ್ಟಾದ ಅನುಮಾನ ಇದ್ದರೂ ಸಾಕು, ಆಟದಿಂದ ಹೊರಗೆ, ಆರೋಗ್ಯ ಬಲ್ಲವರು ಲಿಖಿತವಾಗಿ ಒಪ್ಪುವ ತನಕ ಮತ್ತೆ ಆಡುವಂತಿಲ್ಲ. 2014ರ ಹೊತ್ತಿಗೆ ಎಲ್ಲಾ 50 ರಾಜ್ಯಗಳಲ್ಲೂ ಇಂಥ ಕಾನೂನು ಆಗಿತ್ತು.

ನನ್ನ ಗುರುಗಳಿಗೆ ಕಾನೂನು ಬರುವ ಮುಂಚೆಯೇ ಒಂದು ದಾರಿ ಗೊತ್ತಿತ್ತು. ಹೆಲ್ಮೆಟ್ ತೆಗೆದುಕೊಂಡುಬಿಡುವುದು. ತಲೆ ಸುತ್ತುತ್ತಿರುವ ಹುಡುಗನನ್ನು ಬೆಂಚಿನಲ್ಲಿ ಕೂರಿಸಿ, ಅವನ ಹೆಲ್ಮೆಟನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಆಟ ಮುಗಿಯುವ ತನಕ ನಿಂತಿರುತ್ತಿದ್ದರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಲ್ಮೆಟ್ ಇಲ್ಲದೆ ಮೈದಾನಕ್ಕೆ ಇಳಿಯುವ ಹಾಗಿಲ್ಲವಲ್ಲ. ಒಂದು ಸಲ ತಂಡ ಸೋಲುತ್ತಿತ್ತು, ಕೋಚ್ ಬಂದು ಕೈ ಚಾಚಿದರು. ಗುರುಗಳು ಹೆಲ್ಮೆಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು, ಅಷ್ಟೇ. ಒಂದು ಮಾತಾಡಲಿಲ್ಲ. ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಅವರ ಹಳೆಯ ಸಾಮಾನಿನಲ್ಲಿ ಒಂದು ಕಂತೆ ಜೇಬು ಪುಸ್ತಕಗಳು ಸಿಕ್ಕಿದವು. ವಿದ್ಯಾರ್ಥಿಗಳ ಆರೋಗ್ಯದ ದಾಖಲೆಯನ್ನು ಹಾಗೆಲ್ಲ ತೆಗೆದು ತೋರಿಸುವಂತಿಲ್ಲ, ಅದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. ಅಧಿಕೃತ ಫೈಲ್‌ಗಳನ್ನು ನಾನು ಬಿಚ್ಚಲೇ ಇಲ್ಲ. ಈ ಪುಸ್ತಕಗಳಲ್ಲಿ ಹೆಸರಿರಲಿಲ್ಲ, ಜೆರ್ಸಿ ನಂಬರ್ ಮಾತ್ರ. ಆದರೂ ಬಳಸುವ ಮುಂಚೆ ಸಂಬಂಧಪಟ್ಟವರನ್ನು ಕೇಳಿದೆ.

ಅದರಲ್ಲಿ 2006ರ ಆಗಸ್ಟ್‌ನ ಒಂದು ದಿನವನ್ನು ಹುಡುಕಿದೆ. ಆ ದಿನ ನಾನೂ ಇದ್ದೆ. ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ, ಬೆಳಗ್ಗೆ ಹನ್ನೊಂದು ಗಂಟೆ, ಗಾಳಿ ಇಲ್ಲದ ಸೆಖೆ. ದೊಡ್ಡ ಮೈಯ ಒಬ್ಬ ಹುಡುಗ ಓಡುತ್ತಾ ಓಡುತ್ತಾ ಓರೆಯಾಗಿ ಹೋಗತೊಡಗಿದ. ಏನೇನೋ ಮಾತಾಡಿದ, ಆಮೇಲೆ ಬಿದ್ದ. ನಾನು ನೀರು ಕುಡಿಸಲು ಹೋದೆ. ಗುರುಗಳು ನನ್ನ ಕೈ ತಳ್ಳಿ, "ನೀರಲ್ಲ, ಟಬ್!" ಅಂತ ಕೂಗಿದರು. ಪ್ರತಿ ದಿನ ಬೆಳಗ್ಗೆ ಮೈದಾನದ ಪಕ್ಕ ಒಂದು ದೊಡ್ಡ ಟಬ್‌ನಲ್ಲಿ ನೀರು ತುಂಬಿಸಿ, ಪಕ್ಕದಲ್ಲಿ ಐಸ್ ಪೆಟ್ಟಿಗೆ ಇಡಿಸುತ್ತಿದ್ದರು. ಎರಡು ವರ್ಷ ದಿನಾ ತುಂಬಿಸಿ ದಿನಾ ಚೆಲ್ಲಿದ್ದೆ. ಅದು ಯಾಕೆ ಅಂತ ಅವತ್ತು ಗೊತ್ತಾಯಿತು.

ಮೈಯ ಒಳಗಿನ ನಿಜವಾದ ಬಿಸಿ ಗೊತ್ತಾಗಲು ಗುದದ್ವಾರದಲ್ಲೇ ಥರ್ಮಾಮೀಟರ್ ಇಡಬೇಕು, ಬಾಯಿ ಹಣೆ ಕಂಕುಳು ಯಾವುದೂ ನಂಬುವಂತಿಲ್ಲ. ಟವೆಲ್ ಅಡ್ಡ ಹಿಡಿಸಿ ನೋಡಿದರು. 106.4 ಫ್ಯಾರನ್‌ಹೀಟ್. ನಾವು ನಾಲ್ಕು ಜನ ಎತ್ತಿ ಕುತ್ತಿಗೆಯ ತನಕ ಐಸ್ ನೀರಿಗೆ ಇಳಿಸಿದೆವು. ತಲೆ ಮುಳುಗದಂತೆ ಕಂಕುಳ ಕೆಳಗಿಂದ ಒಂದು ಬೆಡ್‌ಶೀಟ್ ಹಾಕಿ ಒಬ್ಬರು ಹಿಡಿದುಕೊಂಡರು. ನಾನು ಕೈಯಿಂದ ನೀರು ಕಲಕುತ್ತಲೇ ಇದ್ದೆ. ಕಲಕದಿದ್ದರೆ ಮೈ ಸುತ್ತಲಿನ ನೀರು ಬೆಚ್ಚಗಾಗಿ ನಿಂತುಬಿಡುತ್ತದೆ. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಬಂದವರು ಕೂಡಲೇ ಎತ್ತಿಕೊಂಡು ಹೋಗುತ್ತೇವೆ ಅಂದರು. ಗುರುಗಳು ಟಬ್ಬಿಗೆ ಅಡ್ಡ ನಿಂತರು. "ಮೊದಲು ತಂಪು, ಆಮೇಲೆ ಆಸ್ಪತ್ರೆ. 102 ಬರಲಿ." ದನಿ ಏರಿಸಲಿಲ್ಲ. ಹನ್ನೆರಡು ನಿಮಿಷ ನೀರಿನಲ್ಲಿದ್ದ. ಕೊನೆಯಲ್ಲಿ ಅವನು ಕಣ್ಣು ಬಿಟ್ಟು, ಯಾಕೆ ಇಷ್ಟು ಚಳಿ ಅಂತ ಕೇಳಿದ.

ಬಿದ್ದ ಅರ್ಧ ಗಂಟೆಯೊಳಗೆ ಹೀಗೆ ತಂಪು ಮಾಡಿದರೆ ಬಿಸಿಲಿನ ಹೊಡೆತಕ್ಕೆ ಸಿಕ್ಕ ಆಟಗಾರ ಉಳಿಯುತ್ತಾನೆ. ಇದು ಇವತ್ತು ಈ ವೃತ್ತಿಯವರಿಗೆಲ್ಲ ಬಾಯಿಪಾಠ. 2001ರಲ್ಲಿ ಕೋರಿ ಸ್ಟ್ರಿಂಗರ್ ಅನ್ನುವ ವೃತ್ತಿಪರ ಫುಟ್‌ಬಾಲ್ ಆಟಗಾರ ಅಭ್ಯಾಸದ ಬಿಸಿಲಿಗೆ ಸಿಕ್ಕಿ ತೀರಿಕೊಂಡ ಮೇಲೆ ಇದರ ಬಗ್ಗೆ ಜೋರಾಗಿ ಮಾತು ಶುರುವಾಯಿತು. 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಅವನ ಹೆಸರಿನಲ್ಲಿ ಒಂದು ಸಂಸ್ಥೆಯೇ ಆಯಿತು.

ಜೇಬು ಪುಸ್ತಕದಲ್ಲಿ ಆ ದಿನದ ಪುಟ ಹೀಗಿತ್ತು: ನಂಬರ್ 71. 106.4. ಟಬ್ 12 ನಿ. 102. ಆಸ್ಪತ್ರೆ. ಅದರ ಕೆಳಗಿನ ಸಾಲು: ಟೇಪ್ ಎರಡು ಪೆಟ್ಟಿಗೆ ತರಿಸಬೇಕು.

71ನೇ ನಂಬರಿನವರಿಗೆ ಆ ಪುಟದ ಫೋಟೋ ತೆಗೆದು ಕಳಿಸಿದೆ. ಅರ್ಧ ದಿನ ಉತ್ತರ ಬರಲಿಲ್ಲ. ರಾತ್ರಿ, "ಇದನ್ನು ನನ್ನ ಮಗಳಿಗೆ ತೋರಿಸಿದೆ" ಅಂತ ಒಂದೇ ಸಾಲು ಬಂತು.

ಈ ಹುಡುಕಾಟದ ನಡುವೆ, ಬೇರೆ ಕಡೆ ಇಂಥವರನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಅಂತಲೂ ನೋಡಿದೆ. ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ನೇಸ್ಬಿ ರೈನ್‌ಹಾರ್ಟ್ ಅನ್ನುವವರು 1935ರಿಂದ 1982ರ ತನಕ, 47 ವರ್ಷ ಟ್ರೇನರ್ ಆಗಿದ್ದರು. ಕಪ್ಪು ಜನಾಂಗದವರಿಗೆ ಎಷ್ಟೋ ಬಾಗಿಲುಗಳು ಮುಚ್ಚಿದ್ದ ಕಾಲ ಅದು. ಅಲ್ಲಿನ ಚಿಕಿತ್ಸಾ ಕೊಠಡಿಗೆ ಅವರ ಹೆಸರಿದೆ. ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ನೆವೆಲ್, ಎಲ್ಲರ ಬಾಯಲ್ಲಿ ಪಿಂಕಿ ನೆವೆಲ್, ಈ ಕೆಲಸಕ್ಕೆ ಸರಿಯಾದ ಪಾಠಕ್ರಮ ಬೇಕು ಅಂತ ವರ್ಷಾನುಗಟ್ಟಲೆ ಓಡಾಡಿದವರು. ನಾನು ಓದಿದ ಪಾಠದ ಬೇರು ಅವರ ಕಾಲದ್ದು. ರಾಷ್ಟ್ರೀಯ ಸಂಘಕ್ಕೆ ಒಬ್ಬ ಹೆಣ್ಣುಮಗಳು ಮೊದಲ ಬಾರಿ ಅಧ್ಯಕ್ಷರಾದದ್ದು 2000ದಲ್ಲಿ, ಜೂಲಿ ಮ್ಯಾಕ್ಸ್. ಸಂಘ ಹುಟ್ಟಿ 50 ವರ್ಷ ಆಗಿತ್ತು. ಆ ಸುದ್ದಿ ಬಂದ ದಿನ ನನ್ನ ಗುರು ಪತ್ರಿಕೆಯ ತುಣುಕು ಕತ್ತರಿಸಿ ಔಷಧದ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದರು. ಅದು ಈಗಲೂ ಅಲ್ಲೇ ಇದೆ, ಹಳದಿಯಾಗಿದೆ.

2023ರ ಜನವರಿ 2ರ ರಾತ್ರಿ ಟಿವಿಯಲ್ಲಿ ದೇಶವೆಲ್ಲ ನೋಡುತ್ತಿರುವಾಗ ಬಫಲೋ ಫುಟ್‌ಬಾಲ್ ತಂಡದ ಆಟಗಾರ ಡಮಾರ್ ಹ್ಯಾಮ್ಲಿನ್ ಮೈದಾನದಲ್ಲೇ ಹೃದಯ ನಿಂತು ಬಿದ್ದರು. ಓಡಿ ಬಂದು ಎದೆ ಒತ್ತಿ ಉಳಿಸಿದ್ದು ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲಿಂಗ್ಟನ್. ಅವರು ಅದಕ್ಕೆ ಮುಂಚೆ ವರ್ಷಗಟ್ಟಲೆ ಕಾಲೇಜು ಮಕ್ಕಳ ಜೊತೆ ಕೆಲಸ ಮಾಡಿದವರು. ನಾವು ಏನು ಮಾಡುತ್ತೇವೆ ಅಂತ ಬಹಳ ಜನರಿಗೆ ಗೊತ್ತಾದದ್ದು ಆ ವಾರ. ಆ ರಾತ್ರಿಯೇ ನನ್ನ ಗುರು ಫೋನ್ ಮಾಡಿದರು. ನಿವೃತ್ತರಾಗಿ ಆರು ವರ್ಷ ದಾಟಿತ್ತು, ಆರೋಗ್ಯವೂ ಸರಿ ಇರಲಿಲ್ಲ. ಆ ಘಟನೆ ಬಗ್ಗೆ ಏನೂ ಹೇಳಲಿಲ್ಲ. "ನಿನ್ನ ಎಇಡಿ ಬ್ಯಾಟರಿ ಕೊನೇ ಸಲ ಯಾವಾಗ ನೋಡಿದೆ?" ಅಂತ ಕೇಳಿದರು. ಹೃದಯ ನಿಂತಾಗ ಶಾಕ್ ಕೊಡುವ ಯಂತ್ರ ಅದು. ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಮೊನ್ನೆ ನೋಡಿದೆ ಅಂದೆ. "ನಾಳೆ ಮತ್ತೆ ನೋಡು" ಅಂದು ಫೋನ್ ಇಟ್ಟರು.

ಫಲಕದ ಸಾಲುಗಳನ್ನು ಬರೆಯುವಾಗ ಬಹಳ ಒದ್ದಾಡಿದೆ. ತಮ್ಮ ಜೀವನವನ್ನೇ ವಿದ್ಯಾರ್ಥಿಗಳಿಗೆ ಮುಡಿಪಾಗಿಟ್ಟವರು ಅಂತ ಬರೆಯಿರಿ ಅಂದರು ಒಬ್ಬರು. ಅದು ನಿಜವೇ. ಆದರೂ ನನ್ನ ಕೈ ಹಿಂದೆ ಸರಿಯಿತು. ಅವರು ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕಿದ್ದು ಪ್ರೀತಿಯಿಂದ ಹೌದು. ಆದರೆ ಅಷ್ಟೂ ತಂಡಗಳಿಗೆ ಎಷ್ಟೋ ವರ್ಷ ಅವರೊಬ್ಬರೇ ಇದ್ದದ್ದು ಪ್ರೀತಿಯಿಂದಲ್ಲ, ಇನ್ನೊಬ್ಬರನ್ನು ನೇಮಿಸದೆ ಇದ್ದದ್ದರಿಂದ. ತಂಗಿಯ ಮದುವೆಗೆ ನನ್ನ ಗುರುಗಳಿಗೆ ಹೋಗಲು ಆಗಿರಲಿಲ್ಲ. ಅದನ್ನು ಹೇಳುವಾಗ ಅವರ ದನಿ ಸಣ್ಣಗಾಗುತ್ತಿತ್ತು. ನನ್ನ ವಿದ್ಯಾರ್ಥಿಗಳು ಈ ಫಲಕ ಓದಿ, ಒಳ್ಳೆಯ ಟ್ರೇನರ್ ಆಗಬೇಕಾದರೆ ಮನೆ ಮಠ ಬಿಡಬೇಕು ಅಂತ ತಿಳಿಯಬಾರದು. ಇವತ್ತಿಗೂ ಅಮೆರಿಕದ ಹೈಸ್ಕೂಲುಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಅಥ್ಲೆಟಿಕ್ ಟ್ರೇನರ್ ಇಲ್ಲವೇ ಇಲ್ಲ. ಅಲ್ಲಿ ಟಬ್ ತುಂಬಿಸುವವರು ಯಾರು ಅಂತ ಆಗಸ್ಟ್ ಬಂದಾಗೆಲ್ಲ ನನಗೆ ಯೋಚನೆಯಾಗುತ್ತದೆ.

ಕೊನೆಗೆ ಹೆಸರು ಮತ್ತು ಇಸವಿ ಬರೆದೆ. ಅದರ ಕೆಳಗೆ, ಬಾಗಿಲು ತೆರೆಯುವ ಹೊತ್ತು 5:30 ಅಂತ ಒಂದು ಸಾಲು. ಆ ಬಾಗಿಲ ಮೇಲೆ ಡಾಕ್ ಕೈಬರಹದಲ್ಲಿ ಇದ್ದ ಚೀಟಿಯ ಮಾತು ಅದು. ಫೋಟೋ ಬೆನ್ನಿನದ್ದೇ ಹಾಕಿದೆ, ಇಬ್ಬರದ್ದೂ. ಮುಖ ಬೇಕಲ್ವಾ ಅಂತ ಮುಖ್ಯಸ್ಥರು ಕೇಳಿದರು. ಹಳೆಯ ಆಟಗಾರರು ಬಂದು ನೋಡಲಿ, ಗುರುತು ಹಿಡಿಯದಿದ್ದರೆ ಬದಲಾಯಿಸೋಣ ಅಂದೆ.

ಅಕ್ಟೋಬರ್‌ನ ಆ ಶನಿವಾರ ಸುಮಾರು 60 ಜನ ಆ ಸಣ್ಣ ಕೋಣೆಯಲ್ಲಿ ತುಂಬಿಕೊಂಡರು. ಕೋಲು ಹಿಡಿದವರು, ಮೊಮ್ಮಕ್ಕಳನ್ನು ಕರೆತಂದವರು, 71ನೇ ನಂಬರ್ ಮತ್ತವರ ಮಗಳು. ಬಟ್ಟೆ ಸರಿಸಿದ ಕೂಡಲೇ ಹಿಂದಿನಿಂದ ಒಬ್ಬರು "ಅದೋ ಡಾಕ್!" ಅಂದರು. ಮತ್ತೆ ಯಾರೂ ಮುಖದ ಮಾತು ಎತ್ತಲಿಲ್ಲ. ಭಾಷಣ ಹತ್ತು ನಿಮಿಷಕ್ಕೆ ಮುಗಿಯಿತು.

ಎಲ್ಲರೂ ಹೊರಡುವ ಹೊತ್ತಿಗೆ, ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದ ಆ ಹಿರಿಯರು ಡಾಕ್ ಕಾಲದ ಮರದ ಟೇಬಲ್ ಹತ್ತಿರ ನಿಂತಿದ್ದರು. ಅದರ ಅಂಚು ಸಾವಿರಾರು ಕಾಲುಗಳು ಚಾಚಿ ಚಾಚಿ ಸವೆದು ತಗ್ಗಾಗಿದೆ. ಅವರು ಅಂಗೈಯಲ್ಲಿ ಆ ತಗ್ಗನ್ನು ಸವರಿದರು. ಆಮೇಲೆ ಮೆಲ್ಲಗೆ, ಎರಡೂ ಕೈ ಊರಿ, ಮೇಲೆ ಹತ್ತಿ ಕೂತರು. ಎಡಗಾಲಿನ ಶೂ ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಕಾಲು ಚಾಚಿದರು. ಯಾರೂ ಏನೂ ಹೇಳಿರಲಿಲ್ಲ. ಪಾದ ತಾನಾಗೇ ಎದ್ದು 90 ಡಿಗ್ರಿಯಲ್ಲಿ ನಿಂತಿತು.

ನಾನು ಬೀರುವಿನಿಂದ ಟೇಪ್ ತೆಗೆದೆ. ವಯಸ್ಸಾದ ಚರ್ಮ, ಅದಕ್ಕೆ ಸ್ಪ್ರೇ ಹಾಕಲಿಲ್ಲ, ಫೋಮ್ ಎರಡು ಸುತ್ತು ಜಾಸ್ತಿ ಹಾಕಿದೆ. ಎಳೆಯದೆ, ಕಾಲು ಹೋದ ಕಡೆ ಹೋದೆ. ಮುಗಿಸಿ ತಲೆ ಎತ್ತಿದಾಗ ಅವರ ಹಿಂದೆ ಸಾಲು ನಿಂತಿತ್ತು. ಏಳೆಂಟು ಜನ, ಕೆಲವರು ಗೋಡೆ ಹಿಡಿದುಕೊಂಡು ಆಗಲೇ ಕಾಲುಚೀಲ ಬಿಚ್ಚುತ್ತಿದ್ದರು.

"ಯಾವ ಕಾಲು?" ಅಂತ ಮುಂದಿನವರನ್ನು ಕೇಳಿದೆ.